ಮಹಿಳಾ ಮತ್ತು ಲಿಂಗತ್ವ ಅಧ್ಯಯನ: ಪದವಿಯ ಕೊನೆಯ ವರ್ಷದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ತರಗತಿಗೆ ಮಹಿಳಾ ಅಧ್ಯಯನ ಪಾಠ ಮಾಡಲು ಶುರುಮಾಡಿದಾಗಿನಿಂದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಪಾಠ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಹುಡುಗಿಯರು ಕೇಳಿದ್ದು, ಪೋಷಕರ ಸಭೆಯಲ್ಲಿ ಅಪ್ಪಂದಿರು ಕೇಳಿದ್ದು, ಓದು ಮುಗಿಸಿ ಹೋದವರು ಪತ್ರದಲ್ಲಿ, ವಾಟ್ಸಾಪಿನಲ್ಲಿ ಕೇಳಿದ್ದು ಎಲ್ಲವೂ ಅದರಲ್ಲಿದೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಆರಿಸಿ, ಕೇಳಿದವರ ಮಾತಿನಲ್ಲೇ ಇಟ್ಟು, ಇಲ್ಲಿ ಉತ್ತರಿಸಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ಮಹಿಳಾ ಅಧ್ಯಯನ ಅಂದ್ರೆ ಹೆಂಗಸರ ಬಗ್ಗೆ ಓದೋದಾ? ಅದರಲ್ಲಿ ವರ್ಷಗಟ್ಟಲೆ ಓದೋಕೆ ಏನಿದೆ?

ಹೆಂಗಸರ ಬಗ್ಗೆ ಓದುವುದು ಅದರ ಒಂದು ಭಾಗ. ನಮಗೆ ಈಗಾಗಲೇ ಗೊತ್ತಿದೆ ಎಂದುಕೊಂಡದ್ದು ಹೇಗೆ ಗೊತ್ತಾಯಿತು ಎಂದು ಕೇಳುವುದು ಇನ್ನೊಂದು ಭಾಗ, ದೊಡ್ಡ ಭಾಗ. ಊರಿನ ಚರಿತ್ರೆ ಬರೆದವರು ಯಾರ ಮನೆ ಜಗಲಿಯಲ್ಲಿ ಕೂತು ಬರೆದರು? ಜನಗಣತಿಯವರು ಬಂದಾಗ ಬಾಗಿಲಿಗೆ ಬಂದು ಉತ್ತರ ಹೇಳಿದವರು ಯಾರು? ‘ರೈತ’ ಎಂದ ತಕ್ಷಣ ಹೆಗಲ ಮೇಲೆ ನೇಗಿಲು ಹೊತ್ತ ಗಂಡಸೇ ಕಣ್ಣ ಮುಂದೆ ಬರುವುದು ಯಾಕೆ? ನಾಟಿ, ಕಳೆ, ಕೊಯ್ಲು, ಒಕ್ಕಣೆಯಲ್ಲಿ ಬಗ್ಗಿದ ಬೆನ್ನುಗಳು ಯಾರವು? ಹೀಗೆ ಹೊರಟರೆ ಚರಿತ್ರೆ, ಅರ್ಥಶಾಸ್ತ್ರ, ಕಾನೂನು, ವೈದ್ಯ, ಸಾಹಿತ್ಯ ಎಲ್ಲದರ ಬಾಗಿಲನ್ನೂ ತಟ್ಟಬೇಕಾಗುತ್ತದೆ. ಮೂರು ವರ್ಷ ಸಾಲುವುದಿಲ್ಲ.

ಹುಡುಗರು ಈ ವಿಷಯ ತಗೋಬಹುದಾ?

ತಗೋಬಹುದು, ತಗೋಬೇಕು. ಅಳಬಾರದು, ಸೋಲಬಾರದು, ಇಪ್ಪತ್ತೈದಕ್ಕೆ ಮನೆ ನಡೆಸಬೇಕು ಎಂದು ಹುಡುಗರಿಗೆ ಕಲಿಸಿದ್ದೂ ಇದೇ ಲಿಂಗತ್ವ ವ್ಯವಸ್ಥೆ. ಗಂಡಸುತನದ ಅಧ್ಯಯನ ಈಗ ಈ ಶಿಸ್ತಿನ ದೊಡ್ಡ ಕವಲು. ಗಂಡಸರೇ ಗಂಡಸರ ಮಾತು ದಾಖಲಿಸಬಹುದಾದ ಕ್ಷೇತ್ರಗಳು ನಮ್ಮಲ್ಲಿ ಹಾಗೆಯೇ ಬಿದ್ದಿವೆ.

‘ಲಿಂಗ’, ‘ಲಿಂಗತ್ವ’ ಎರಡೂ ಒಂದೇ ಅಲ್ವಾ ಮೇಡಂ?

ದೇಹದ ಗುರುತುಗಳನ್ನು ಹಿಡಿದು ಹೇಳುವುದು ಲಿಂಗ. ಆ ಗುರುತಿನ ಮೇಲೆ ಸಮಾಜ ಹೊರಿಸುವ ನಡೆ, ನುಡಿ, ಕೆಲಸ, ಹಕ್ಕು, ನಾಚಿಕೆ ಎಲ್ಲ ಸೇರಿ ಲಿಂಗತ್ವ. ಇದು ಮೊದಲ ಸೆಮಿಸ್ಟರಿನ ಉತ್ತರ. ಕೊನೆಯ ವರ್ಷಕ್ಕೆ ಬರುವಾಗ ಇದನ್ನೇ ಅಲುಗಾಡಿಸುತ್ತೇವೆ. 1990ರಲ್ಲಿ ಅಮೆರಿಕದ ಜುಡಿತ್ ಬಟ್ಲರ್ ಎತ್ತಿದ ಪ್ರಶ್ನೆ ಇದು: ದೇಹವನ್ನು ‘ಹೆಣ್ಣು’, ‘ಗಂಡು’ ಎಂದು ಎರಡೇ ರಾಶಿ ಮಾಡಿ ಓದುವ ಕಣ್ಣೂ ಸಮಾಜ ಕೊಟ್ಟದ್ದೇ ಅಲ್ಲವೇ? ಹಾಗಾದರೆ ಲಿಂಗ ಪ್ರಕೃತಿ, ಲಿಂಗತ್ವ ಸಂಸ್ಕೃತಿ ಎಂದು ನಡುವೆ ಗೆರೆ ಎಳೆದು ಕೈತೊಳೆದುಕೊಳ್ಳಲು ಬರುವುದಿಲ್ಲ.

ನಮ್ಮ ಭಾಷೆಯನ್ನೇ ನೋಡಿ. ‘ಬಂದನು’, ‘ಬಂದಳು’, ‘ಬಂದಿತು’ ಎಂದು ಏಕವಚನದಲ್ಲಿ ಮೂರು ದಾರಿ. ಬಹುವಚನಕ್ಕೆ ಹೋದರೆ ಹೆಣ್ಣು, ಗಂಡು ಇಬ್ಬರಿಗೂ ‘ಬಂದರು’ ಒಂದೇ. ಹವ್ಯಕ ಕನ್ನಡದಲ್ಲಿ ‘ಅಕ್ಕ ಬಂತು’ ಎನ್ನುವುದು ಸಹಜ ಮಾತು. ಪಕ್ಕದ ತೆಲುಗಿನಲ್ಲಿ ಏಕವಚನದ ಹೆಣ್ಣು ವಸ್ತುಗಳ ಗುಂಪಿಗೇ ಸೇರುತ್ತಾಳೆ. ಇದರಿಂದ ‘ಆ ಭಾಷೆಯವರು ಹೆಣ್ಣನ್ನು ಕೀಳಾಗಿ ಕಾಣುತ್ತಾರೆ’ ಎಂಬ ತೀರ್ಮಾನಕ್ಕೆ ಹಾರಬೇಡಿ. ಹೆಣ್ಣು, ಗಂಡು ಎಂಬ ವಿಂಗಡಣೆಯನ್ನು ಎಲ್ಲೆಲ್ಲಿ ಮಾಡಬೇಕು ಎಂಬುದು ಊರಿಂದೂರಿಗೆ ಬೇರೆಯಾಗುತ್ತದೆ ಎಂಬಷ್ಟನ್ನು ಗಮನಿಸಿ.

ಇದೆಲ್ಲ ಪಶ್ಚಿಮದಿಂದ ಬಂದದ್ದು, ನಮಗ್ಯಾಕೆ?

ನನ್ನ ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಸಲ ಬರೆದುಕೊಂಡ ಪ್ರಶ್ನೆ ಇದು. ವಿಶ್ವವಿದ್ಯಾಲಯದ ಒಂದು ವಿಭಾಗವಾಗಿ ಇದು 1970ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಶುರುವಾಯಿತು, ನಿಜ. ಆದರೆ ಭಾರತದ ಮಹಿಳಾ ಅಧ್ಯಯನ ಹುಟ್ಟಿದ್ದು ಬೇರೆ ಗಾಯದಿಂದ. 1971ರಲ್ಲಿ ಕೇಂದ್ರ ಸರ್ಕಾರ ಮಹಿಳೆಯರ ಸ್ಥಿತಿಗತಿ ಅರಿಯಲು ಒಂದು ಸಮಿತಿ ಮಾಡಿತು. ಫುಲ್ರೇಣು ಗುಹಾ ಅಧ್ಯಕ್ಷೆ, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿ, ಕಾನೂನು ಬಲ್ಲ ಲೋತಿಕಾ ಸರ್ಕಾರ್ ಒಬ್ಬ ಸದಸ್ಯೆ. ಸಂವಿಧಾನ ಬಂದು ಇಪ್ಪತ್ತು ವರ್ಷ ಕಳೆದಿದೆ, ಸ್ಥಿತಿ ಸುಧಾರಿಸಿರಬೇಕು ಎಂದುಕೊಂಡೇ ಅವರು ಹೊರಟಿದ್ದರು. ಕೈಗೆ ಸಿಕ್ಕ ಅಂಕಿಗಳು ತದ್ವಿರುದ್ಧವಾಗಿದ್ದವು. 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದ ದೇಶದಲ್ಲಿ 1971ಕ್ಕೆ 930 ಹೆಂಗಸರಿದ್ದರು. ‘ಸಮಾನತೆಯ ಕಡೆಗೆ’ ಎಂಬ ಆ ವರದಿ 1974ರ ಕೊನೆಗೆ ಸಲ್ಲಿಕೆಯಾಯಿತು. ಅದೇ ವರ್ಷ ಮುಂಬೈಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿ ಮಹಿಳಾ ಅಧ್ಯಯನದ ಕೇಂದ್ರ ತೆರೆದರು. ಅಲ್ಲಿಯವರೆಗೆ ನಾವು ಯಾರನ್ನು ಎಣಿಸದೆ ಬಿಟ್ಟಿದ್ದೆವು ಎಂಬ ನೋವಿನಿಂದ ಈ ಶಿಸ್ತು ಇಲ್ಲಿ ಬೇರುಬಿಟ್ಟಿತು.

ವಿಚಾರದ ಹುಟ್ಟು ಅದಕ್ಕೂ ಹಿಂದಿನದು. ಹದಿನೇಳನೆಯ ಶತಮಾನದ ಮೈಸೂರಿನ ಅರಮನೆಯಲ್ಲಿದ್ದ ಸಂಚಿಯ ಹೊನ್ನಮ್ಮ ತನ್ನ ಕಾವ್ಯದಲ್ಲಿ, ಹೆತ್ತವಳು, ಪೊರೆದವಳು ಹೆಣ್ಣೇ ಅಲ್ಲವೇ, ಮತ್ತೇಕೆ ಜರೆಯುತ್ತೀರಿ ಎಂದು ಕೇಳಿದಳು. ಅದೇ ಕಾವ್ಯದಲ್ಲಿ ಪತಿವ್ರತೆಯ ಧರ್ಮವನ್ನೂ ಬೋಧಿಸಿದಳು. ಈ ಎರಡೂ ಒಬ್ಬಳಲ್ಲೇ ಹೇಗೆ ಇದ್ದವು ಎಂದು ಬಿಡಿಸುವುದು ಕೊನೆಯ ವರ್ಷಕ್ಕೆ ತಕ್ಕ ಪ್ರಬಂಧ. ನಂಜನಗೂಡು ತಿರುಮಲಾಂಬ ಬಾಲವಿಧವೆ. 1913ರಲ್ಲಿ ತಾವೇ ಗ್ರಂಥಮಾಲೆ ಶುರುಮಾಡಿ ಪ್ರಕಟಣೆಗೆ ಇಳಿದರು. ಅವರಿಗೆ ಯಾವ ಪಶ್ಚಿಮದವರೂ ಬಂದು ಪಾಠ ಹೇಳಿರಲಿಲ್ಲ.

## ಕೊನೆಯ ವರ್ಷದ ಪಾಠಗಳು

ಐದನೇ ಸೆಮಿಸ್ಟರಿಗೆ ಬಂದ ಮೇಲೆ ಇದ್ದಕ್ಕಿದ್ದಂತೆ ಯಾಕೆ ಇಷ್ಟು ಕಷ್ಟ?

ಅಲ್ಲಿಯವರೆಗೆ ನಿಮಗೆ ವಿಷಯ ಹೇಳಿಕೊಡುತ್ತಿದ್ದರು. ಈಗ ವಾದ ಮಾಡಲು ಹೇಳುತ್ತಿದ್ದಾರೆ. ‘ವರದಕ್ಷಿಣೆ ಒಂದು ಸಾಮಾಜಿಕ ಪಿಡುಗು’ ಎಂದು ಶುರುವಾಗುವ ಉತ್ತರಕ್ಕೆ ಎರಡನೇ ಸೆಮಿಸ್ಟರಿನಲ್ಲಿ ಅಂಕ ಬೀಳುತ್ತಿತ್ತು. ಈಗ ಕೇಳುವುದು ಬೇರೆ: ತೆರ (ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುವ ಹಣ) ಕೊಟ್ಟು ಹೆಣ್ಣು ತರುತ್ತಿದ್ದ ಸಮುದಾಯಗಳೂ ವರದಕ್ಷಿಣೆಗೆ ಯಾಕೆ ತಿರುಗಿದವು? ಅದರ ಹಿಂದೆ ನೀರಾವರಿ ಬಂತೇ, ಸಂಬಳದ ಕೆಲಸ ಬಂತೇ, ಮೇಲ್ಜಾತಿಯವರಂತೆ ಕಾಣುವ ಆಸೆ ಬಂತೇ?

ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಹೊಸದಾಗಿ ಸೇರಿದವರಿಗೆ ಮತ್ತೆ ಮೂರು ವರ್ಷವಾಯಿತು. ಈ ಹೊಯ್ದಾಟದಲ್ಲಿ ಸಂಶೋಧನಾ ವಿಧಾನದ ಪಾಠ ಎಷ್ಟೋ ಕಡೆ ಅವಸರದಲ್ಲಿ ಮುಗಿಯುತ್ತಿದೆ. ವಿಧಾನದ ಪುಸ್ತಕವನ್ನು ನೀವೇ ರಜೆಯಲ್ಲಿ ಓದಿಕೊಂಡು ಬನ್ನಿ.

ಹೆಣ್ಣಿನ ವಿಷಯ ಮಾತಾಡುವಾಗ ಜಾತಿಯನ್ನ ಯಾಕೆ ಎಳೀತೀರಿ?

ಎಳೆದು ತರುವ ಅಗತ್ಯವೇ ಇಲ್ಲ, ಅದು ಒಳಗೇ ಕೂತಿದೆ. 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತರಗತಿಯೊಂದರಲ್ಲಿ ಇಪ್ಪತ್ತೈದರ ಅಂಬೇಡ್ಕರ್ ಒಂದು ಪ್ರಬಂಧ ಓದಿದರು. ಜಾತಿ ಉಳಿಯುವುದು ಜಾತಿಯೊಳಗೇ ಮದುವೆ ನಡೆಯುವುದರಿಂದ. ಹಾಗೆ ನಡೆಯಬೇಕಾದರೆ ಗಂಡ ಸತ್ತ ಹೆಣ್ಣನ್ನು ಏನಾದರೂ ಮಾಡಬೇಕು. ಸತಿ, ಕಡ್ಡಾಯ ವೈಧವ್ಯ, ಬಾಲ್ಯವಿವಾಹಗಳು ಅದಕ್ಕೆ ಕಂಡುಕೊಂಡ ಉಪಾಯಗಳು ಎಂಬುದು ಅವರ ವಾದ. ಹೆಣ್ಣಿನ ಮೇಲಿನ ಹಿಡಿತವೇ ಜಾತಿಯ ಬೀಗದ ಕೈ ಎಂದು ನೂರು ವರ್ಷಕ್ಕೂ ಹಿಂದೆ ತೋರಿಸಿದ್ದು ಇದು. 1993ರಲ್ಲಿ ಚರಿತ್ರೆಕಾರ್ತಿ ಉಮಾ ಚಕ್ರವರ್ತಿ ಇದನ್ನು ಪ್ರಾಚೀನ ಭಾರತದ ಆಕರಗಳ ಮೂಲಕ ಬೆಳೆಸಿ ‘ಬ್ರಾಹ್ಮಣಶಾಹಿ ಪಿತೃಪ್ರಾಧಾನ್ಯ’ (ಜಾತಿಯ ಮೇಲುಕೀಳು ಮತ್ತು ಹೆಣ್ಣಿನ ಮೇಲೆ ಗಂಡಿನ ಹಿಡಿತ ಒಂದನ್ನೊಂದು ಉಳಿಸುವ ವ್ಯವಸ್ಥೆ) ಎಂಬ ಪರಿಕಲ್ಪನೆ ಕೊಟ್ಟರು. 1995ರಲ್ಲಿ ರಾಜ್ಯಶಾಸ್ತ್ರಜ್ಞ ಗೋಪಾಲ್ ಗುರು, 1998ರಲ್ಲಿ ಸಮಾಜಶಾಸ್ತ್ರಜ್ಞೆ ಶರ್ಮಿಳಾ ರೇಗೆ ಮುಂದಿನ ಹೆಜ್ಜೆ ಇಟ್ಟರು: ದಲಿತ ಮಹಿಳೆಯ ಮಾತು ಬೇರೆ, ಮೇಲ್ಜಾತಿಯ ಸ್ತ್ರೀವಾದವಾಗಲಿ ದಲಿತ ಗಂಡಸರ ರಾಜಕಾರಣವಾಗಲಿ ಅದನ್ನು ತನ್ನೊಳಗೆ ಕರಗಿಸಿಕೊಳ್ಳಲು ಆಗದು.

‘ಇಂಟರ್‌ಸೆಕ್ಷನಾಲಿಟಿ’ ಎಂಬ ಪದಕ್ಕೆ ಅನೇಕರು ಹೆದರುತ್ತಾರೆ. ಒಬ್ಬರ ಮೇಲೇ ಹಲವು ಬಗೆಯ ಭೇದ ಹೆಣೆದುಕೊಂಡು ಬೀಳುವುದು ಎಂಬಷ್ಟೇ ಅದರ ಅರ್ಥ. ಅದರ ಮೂಲದಲ್ಲಿ ಇರುವುದು ಕೋರ್ಟಿನ ಒಂದು ಸರಳ ಘಟನೆ. ಅಮೆರಿಕದ ಒಂದು ಕಾರು ಕಂಪನಿಯ ವಿರುದ್ಧ ಕೆಲವು ಕಪ್ಪು ಮಹಿಳೆಯರು ತಮಗೆ ಭೇದ ಮಾಡಿದೆ ಎಂದು ದಾವೆ ಹೂಡಿದರು. ಕಂಪನಿಯಲ್ಲಿ ಹೆಂಗಸರಿದ್ದಾರೆ, ಆದ್ದರಿಂದ ಲಿಂಗಭೇದವಿಲ್ಲ ಎಂದಾಯಿತು. ಇದ್ದ ಹೆಂಗಸರು ಕಚೇರಿಯ ಬಿಳಿಯರು. ಕಪ್ಪು ಜನರ ವಿರುದ್ಧದ ಭೇದವನ್ನು ಬೇರೆಯಾಗಿ ಕೇಳಿಕೊಳ್ಳಿ ಎಂದಾಯಿತು. ಕಾರ್ಖಾನೆಯಲ್ಲಿದ್ದ ಕಪ್ಪು ಜನ ಗಂಡಸರು. ಎರಡೂ ಆಗಿದ್ದವರಿಗೆ ಕಾನೂನಿನಲ್ಲಿ ಜಾಗವೇ ಸಿಗಲಿಲ್ಲ. 1976ರ ಈ ತೀರ್ಪನ್ನು ಎದುರಿಟ್ಟುಕೊಂಡು 1989ರಲ್ಲಿ ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ ಆ ಪದ ಕೊಟ್ಟರು.

ನಮ್ಮಲ್ಲಿ ಇದನ್ನು ಅರಿಯಲು ದೇವದಾಸಿ ಪದ್ಧತಿಯನ್ನು ಓದಿ. 1982ರಲ್ಲಿ ಕರ್ನಾಟಕ ನಿಷೇಧ ಕಾಯ್ದೆ ತಂದಿತು. ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರು ಹೆಚ್ಚಿನಂಶ ದಲಿತ ಮನೆಗಳ ಹೆಣ್ಣುಮಕ್ಕಳು. ಅವರ ಬದುಕನ್ನು ಬರೀ ‘ಹೆಣ್ಣಿನ ಶೋಷಣೆ’ ಎಂದೋ, ಬರೀ ‘ಜಾತಿ ಶೋಷಣೆ’ ಎಂದೋ ಬರೆದರೆ ಅರ್ಧ ಬದುಕು ಹೊರಗೇ ಉಳಿಯುತ್ತದೆ.

ತುಳುನಾಡಲ್ಲಿ ಅಳಿಯಸಂತಾನ ಇತ್ತಲ್ಲ, ಹಾಗಾದ್ರೆ ಅಲ್ಲಿ ಹೆಣ್ಣಿನದೇ ಆಳ್ವಿಕೆ ಇತ್ತಾ?

ಆಸ್ತಿ ಮತ್ತು ಕುಲ ತಾಯಿಯ ಕಡೆಯಿಂದ ಇಳಿಯುವುದು ಒಂದು, ಅಧಿಕಾರ ಹೆಣ್ಣಿನ ಕೈಯಲ್ಲಿರುವುದು ಇನ್ನೊಂದು. ಅಳಿಯಸಂತಾನದಲ್ಲಿ ಕುಟುಂಬ ಬೆಳೆಯುವುದು ಹೆಣ್ಣಿನಿಂದ. ಆಡಳಿತ ಸಾಮಾನ್ಯವಾಗಿ ಹಿರಿಯ ಸೋದರಮಾವನದು. ಯಜಮಾನ್ತಿಯಾಗಿ ಹೆಂಗಸರು ಮನೆತನ ನಡೆಸಿದ್ದೂ ಉಂಟು. ಆದರೂ ಗಂಡ ಸತ್ತರೆ ಮನೆ ಕಳೆದುಕೊಳ್ಳುವ ಭಯ ಆ ಹೆಣ್ಣಿಗಿರಲಿಲ್ಲ, ಯಾಕೆಂದರೆ ಅವಳು ತನ್ನ ತರವಾಡಿಗೆ, ಅಂದರೆ ತಾಯಿಯ ಕಡೆಯ ಕೂಡು ಮನೆತನಕ್ಕೆ, ಸೇರಿದವಳು. ‘ಸ್ವರ್ಗ’ ಎಂದೂ ಬರೆಯಬೇಡಿ, ‘ಅಲ್ಲೂ ಗಂಡಸರದೇ’ ಎಂದು ಒಂದೇ ಮಾತಿನಲ್ಲಿ ಮುಗಿಸಲೂಬೇಡಿ.

‘ಕೆಲಸ’ ಅಂದ್ರೇನು ಅಂತ ಒಂದು ಪೂರ್ತಿ ಘಟಕ ಯಾಕೆ?

ನನಗೆ ಬಹಳ ಹತ್ತಿರದ ಪಾಠ ಇದು. ಒಂದು ವರ್ಷ ಮಾರ್ಚ್ ತಿಂಗಳಲ್ಲಿ ವಿದ್ಯಾರ್ಥಿಗಳನ್ನು ತುಮಕೂರು ಜಿಲ್ಲೆಯ ಒಂದು ಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಪ್ರಶ್ನಾವಳಿ ಹಿಡಿದ ಹುಡುಗಿ ಜಗಲಿಯ ಮೇಲೆ ಕೂತಿದ್ದ ಹೆಂಗಸನ್ನು ಕೇಳಿದಳು, “ಅಕ್ಕಾ, ನೀವು ಏನು ಕೆಲಸ ಮಾಡ್ತೀರಿ?” ಆಕೆ ಹೇಳಿದ್ದು, “ಏನಿಲ್ಲ ಕಣವ್ವ, ಮನೇಲೇ ಇರ್ತೀನಿ.” ಹಾಗೆ ಹೇಳುವಾಗ ಆಕೆಯ ಕೈ ನಿಂತಿರಲಿಲ್ಲ. ಎಡಗಾಲಿನ ಪಕ್ಕದಲ್ಲಿ ಸಿಪ್ಪೆ ಕಳೆದ ಹುಣಸೆಹಣ್ಣಿನ ರಾಶಿ, ಮುಂದೆ ಒಂದು ಚಪ್ಪಟೆ ಕಲ್ಲು. ಬಲಗೈಯ ಕಬ್ಬಿಣದ ತುಂಡಿನಿಂದ ಒಂದೇಟು ಹಾಕಿ ಹಣ್ಣು ಸೀಳಿ, ಹೆಬ್ಬೆರಳಿನಿಂದ ಬೀಜ ಹಾರಿಸಿ, ತಿರುಳನ್ನು ಬುಟ್ಟಿಗೆ ಎಸೆಯುತ್ತಿದ್ದರು. ಹುಳಿ ಕಡಿದು ಕಡಿದು ಬೆರಳ ತುದಿ ಬಿಳಿಚಿ ಸುಲಿದಿದ್ದವು. ಆ ಹಣ್ಣು ಮಂಡಿಯವರದು. ಬಿಡಿಸಿದ ತೂಕಕ್ಕೆ ಕೂಲಿ. ಹುಡುಗಿ ‘ಗೃಹಿಣಿ’ ಎಂದು ಬರೆದುಕೊಂಡು ಮುಂದಿನ ಮನೆಗೆ ಹೊರಟಳು.

ಅವಳ ತಪ್ಪು ಎನ್ನುವಂತಿಲ್ಲ, ದೇಶದ ಉದ್ಯೋಗ ಸಮೀಕ್ಷೆಯಲ್ಲೂ ಇದೇ ಜಾರುವಿಕೆಗೆ ಎಡೆಯಿದೆ. ಅದರ ನಮೂನೆಯಲ್ಲಿ 92 ಎಂಬ ಸಂಕೇತ ಮನೆಗೆಲಸ ಮಾತ್ರ ಮಾಡುವವರಿಗೆ. ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು, ಮೇವು ತರುವವರಿಗೆ, ಮನೆಬಳಕೆಗೆ ಹೊಲಿಯುವವರಿಗೆ, ನೇಯುವವರಿಗೆ 93. ಈ ಎರಡೂ ಸಂಕೇತದವರು ದುಡಿಯುವವರ ಲೆಕ್ಕದ ಹೊರಗೆ. ಹುಣಸೆ ಬಿಡಿಸುವಾಕೆಗೆ ಕೂಲಿ ಇದೆ, ಆಕೆ ನಿಯಮದ ಪ್ರಕಾರವೇ ದುಡಿಮೆಗಾರ್ತಿ. ಆದರೆ ಇನ್ನೊಂದು ಪ್ರಶ್ನೆ ಕೇಳದಿದ್ದರೆ ಆಕೆಯೂ 92ಕ್ಕೆ ಬೀಳುತ್ತಾಳೆ.

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ತೆಗೆದು ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಎಂದು ಪತ್ರಿಕೆಗಳಲ್ಲಿ ಬಂತು. ಆದರೆ ಅದು ಆ ದಿನ ಮನೆಗೆಲಸಕ್ಕೆ ಕೈಹಾಕಿದವರ ಸರಾಸರಿ ಮಾತ್ರ. ಹಾಗೆ ಕೈಹಾಕಿದ ಗಂಡಸರು 26.1 ಶೇಕಡಾ, ಹೆಂಗಸರು 81.2 ಶೇಕಡಾ. ಎಲ್ಲರನ್ನೂ ಸೇರಿಸಿ ಹಂಚಿದರೆ ಹೆಂಗಸಿಗೆ 243 ನಿಮಿಷ, ಗಂಡಸಿಗೆ 25 ನಿಮಿಷ. ಮೂರು ಪಟ್ಟು ಎಂದು ಓದಿದ್ದ ಅಂತರ ಸುಮಾರು ಹತ್ತು ಪಟ್ಟಾಯಿತು! 2024ರ ಸಮೀಕ್ಷೆಯಲ್ಲಿ 289 ಮತ್ತು 88 ಎಂದಿದೆ. ಅದನ್ನೂ ಹೀಗೆಯೇ ಬಿಡಿಸಿ ಓದಿ. ಕೊನೆಯ ವರ್ಷದಲ್ಲಿ ನಾನು ಕೇಳುವುದು ಈ ಒಂದು ಅಭ್ಯಾಸವನ್ನು: ಅಂಕಿ ಕಂಡರೆ ‘ಯಾರ ಸರಾಸರಿ?’ ಎಂದು ಕೇಳುವುದು.

ಕರ್ನಾಟಕದಲ್ಲಿ ಗಂಡನ ಹಿಂಸೆ ಎರಡು ಪಟ್ಟಾಗಿದೆ ಅಂತ ಬರೆದೆ, ನೀವು ಯಾಕೆ ಕೆಂಪು ಗೆರೆ ಹಾಕಿದ್ರಿ?

ನೀವು ಕೊಟ್ಟ ಅಂಕಿ ಸರಿಯಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ 20.6 ಶೇಕಡಾ ಇದ್ದದ್ದು ಐದನೇ ಸುತ್ತಿನಲ್ಲಿ 44.4 ಆಯಿತು. ಅಳೆದದ್ದು ಹಿಂಸೆಯನ್ನೇ ಅಲ್ಲ, ಅಪರಿಚಿತ ಸಮೀಕ್ಷಕಿಯ ಮುಂದೆ ಹೆಂಗಸರು ಹೇಳಿಕೊಂಡ ಹಿಂಸೆಯನ್ನು. ಆ ಪ್ರಶ್ನೆಗಳನ್ನು ಆಯ್ದ ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ, ಬೇರೆ ಯಾರೂ ಇಲ್ಲದಾಗ ಕೇಳಬೇಕೆಂಬ ನಿಯಮವಿದೆ. ಹಿಂಸೆ ಹೆಚ್ಚಿತೇ, ಹೇಳುವ ಧೈರ್ಯ ಹೆಚ್ಚಿತೇ, ಸಮೀಕ್ಷಕರ ತರಬೇತಿ ಬದಲಾಯಿತೇ? ಅಂಕಿ ಒಂದೇ ಇದನ್ನು ತೀರ್ಮಾನಿಸಲಾರದು. ‘ವರದಿಯಾದ ಹಿಂಸೆ’ ಎಂದು ಬರೆಯಿರಿ, ಕೆಂಪು ಗೆರೆ ಬೀಳುವುದಿಲ್ಲ. ಹಿಂಸೆಯನ್ನು ಕಡಿಮೆ ಮಾಡಿ ತೋರಿಸಬೇಕೆಂದು ನಾನು ಹೇಳುತ್ತಿಲ್ಲ, 20.6 ಎಂಬ ಹಳೆಯ ಅಂಕಿಯೇ ಸುಳ್ಳು ಸಮಾಧಾನವಾಗಿದ್ದಿರಬಹುದು.

ಕಾನೂನಿನ ಪತ್ರಿಕೆಗೆ ಎಷ್ಟು ಕಾಯ್ದೆ ಬಾಯಿಪಾಠ ಮಾಡಬೇಕು?

ಇಸವಿಗಳ ಪಟ್ಟಿ ಸಾಕಾಗದು. ಒಂದೊಂದು ಕಾನೂನು ಯಾವ ಜಗಳದಿಂದ ಹುಟ್ಟಿತು ಎಂದು ತಿಳಿಯಿರಿ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ಆದಿವಾಸಿ ಬಾಲೆಯೊಬ್ಬಳ ಮೇಲೆ ಅತ್ಯಾಚಾರದ ಆರೋಪ ಬಂತು. ಮೈಮೇಲೆ ಗಾಯವಿಲ್ಲ ಎಂಬುದನ್ನೂ ಕಾರಣವಾಗಿಟ್ಟುಕೊಂಡು ಸುಪ್ರೀಂ ಕೋರ್ಟ್ 1978ರಲ್ಲಿ ಪೊಲೀಸರನ್ನು ಬಿಟ್ಟಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಶರಣಾದದ್ದು ಒಪ್ಪಿಗೆಯಲ್ಲ ಎಂಬ ಆ ಪತ್ರದ ವಾದ ದೇಶದ ಬೀದಿಗಿಳಿಯಿತು, 1983ರಲ್ಲಿ ಕಾಯ್ದೆ ತಿದ್ದಿತು.

ಆಸ್ತಿಯ ವಿಷಯಕ್ಕೆ ದೂರ ಹೋಗಬೇಕಿಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು. ಅದಕ್ಕೂ ಮುಂಚೆ ಮದುವೆಯಾದವರಿಗೆ ಇಲ್ಲ ಎಂಬ ಷರತ್ತಿತ್ತು. 2005ರ ಕೇಂದ್ರ ತಿದ್ದುಪಡಿ ಇಡೀ ದೇಶಕ್ಕೆ, ಆ ಷರತ್ತಿಲ್ಲದೆ, ಈ ಹಕ್ಕು ಕೊಟ್ಟಿತು. ಅಪ್ಪ 2005ಕ್ಕೆ ಮುಂಚೆ ತೀರಿಕೊಂಡಿದ್ದರೂ ಮಗಳ ಹಕ್ಕು ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಇಷ್ಟಾದ ಮೇಲೆ ಒಂದು ದಿನ ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತು ನೋಡಿ. ಹೊಸ ಸೀರೆ ಉಟ್ಟು ಬಂದ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಅರಿಶಿನ ಕುಂಕುಮ ತಗೊಂಡು ಹೋಗುತ್ತಾರೆ. “ನಾಳೆ ತವರಿಗೆ ಬರೋದು ಬೇಡ್ವಾ?” ಎಂಬುದು ಅವರ ಉತ್ತರ. ಕಾಯ್ದೆ ಆಸ್ತಿ ಕೊಡಬಲ್ಲದು, ತವರನ್ನು ಕೊಡಲಾರದು. ಅವರು ಈ ಎರಡರ ನಡುವೆ ತೂಗಿ ನೋಡಿ ಒತ್ತಿದ ಹೆಬ್ಬೆಟ್ಟು ಅದು.

ಹೆಣ್ಣಿಗೆ ಹೆಣ್ಣೇ ಶತ್ರು ಅಂತಾರಲ್ಲ, ಅದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯಾ?

ಇದೆ. ಸೊಸೆಯಾಗಿ ಬಂದಾಗ ಕೊನೆಗೆ ಉಂಡವಳು, ಮಗ ಹುಟ್ಟಿದ ಮೇಲೆ ಸ್ವಲ್ಪ ಸ್ಥಾನ ಪಡೆದವಳು, ಅತ್ತೆಯಾದ ಮೇಲೆ ಮೊದಲ ಸಲ ಕೀಲಿಕೈ ಕಂಡವಳು ಆ ಕೀಲಿಯನ್ನು ಬಿಡುತ್ತಾಳೆಯೇ? ತನಗೆ ಸಿಕ್ಕ ಅಷ್ಟಿಷ್ಟು ಭದ್ರತೆ ಮಗನ ಮೂಲಕವೇ ಸಿಕ್ಕಿರುವಾಗ ಆ ಮಗನನ್ನು ಸೊಸೆಗೆ ಬಿಟ್ಟುಕೊಡುವುದು ಸುಲಭವೇ? ಟರ್ಕಿಯ ವಿದ್ವಾಂಸೆ ಡೆನಿಜ್ ಕಾಂಡಿಯೋಟಿ 1988ರಲ್ಲಿ ಇದನ್ನು ಪಿತೃಪ್ರಾಧಾನ್ಯದ ಜೊತೆ ಹೆಂಗಸರು ಮಾಡಿಕೊಳ್ಳುವ ಚೌಕಾಸಿ ಎಂದರು. ಗಂಡಸು ಗಂಡಸಿಗೆ ಶತ್ರುವಾಗಿ ಎಷ್ಟೋ ಯುದ್ಧ ನಡೆದಿವೆ. ಅದಕ್ಕೆ ನಾವು ‘ಗಂಡಿಗೆ ಗಂಡೇ ಶತ್ರು’ ಎಂಬ ಗಾದೆ ಕಟ್ಟಲಿಲ್ಲ. ಈ ಗಾದೆ ಯಾರಿಗೆ ಅನುಕೂಲ ಎಂದೂ ಯೋಚಿಸಿ.

ಟ್ರಾನ್ಸ್‌ಜೆಂಡರ್ ವಿಷಯ ಮಹಿಳಾ ಅಧ್ಯಯನದಲ್ಲಿ ಯಾಕೆ ಬರುತ್ತೆ?

‘ಹೆಣ್ಣು ಎಂದರೆ ಯಾರು’ ಎಂದು ಕೇಳಿದ ಶಿಸ್ತು ಉತ್ತರ ತನಗೆ ಬೇಕಾದಲ್ಲಿ ನಿಲ್ಲಲಿ ಎಂದು ಹಟ ಮಾಡಬಾರದು. 2014ರಲ್ಲಿ ಸುಪ್ರೀಂ ಕೋರ್ಟ್ ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಒಪ್ಪಿತು. 2019ರ ಕಾಯ್ದೆ ಅದೇ ಗುರುತಿಗೆ ಜಿಲ್ಲಾಧಿಕಾರಿಯ ಪ್ರಮಾಣಪತ್ರ ಕೇಳಿತು. ಸಮುದಾಯ ಅದನ್ನು ವಿರೋಧಿಸಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 1 ಶೇಕಡಾ ಮೀಸಲು ತಂದಿತು. ಎಲ್ಲಮ್ಮನ ಸೇವೆಗೆ ಮುಡಿಪಾದ ಜೋಗತಿಯರ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಜೋಗತಿ ಎಂಬುದನ್ನು ‘ಟ್ರಾನ್ಸ್‌ಜೆಂಡರ್’ ಎಂದು ಒಂದೇ ಪದಕ್ಕೆ ಅನುವಾದಿಸಿದರೆ ದೇವರು, ಹಾಡು, ಕೊಡ, ಗುರುಪರಂಪರೆ ಎಲ್ಲ ಜಾರಿಹೋಗುತ್ತವೆ. ಎರಡೂ ಪದಗಳನ್ನು ಅವುಗಳ ಜಾಗದಲ್ಲಿಟ್ಟು ಓದಿ.

## ಪ್ರಾಜೆಕ್ಟ್, ಕ್ಷೇತ್ರಕಾರ್ಯ, ಮುಂದಿನ ಓದು

ಪ್ರಾಜೆಕ್ಟಿಗೆ ‘ಶಕ್ತಿ ಯೋಜನೆ ಮತ್ತು ಮಹಿಳಾ ಸಬಲೀಕರಣ’ ತಗೊಂಡ್ರೆ ಹೇಗೆ?

ಬಹಳ ಅಗಲವಾಯಿತು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್ ಬಂದಿದೆ. ನಿಮ್ಮ ಊರಿನ ಒಂದೇ ಬಸ್ ಹಿಡಿಯಿರಿ. ತಾಲ್ಲೂಕು ಆಸ್ಪತ್ರೆಗೆ ಈಗ ಒಬ್ಬರೇ ಹೋಗುವ ಹೆಂಗಸರು ಮೊದಲು ಯಾರ ಜೊತೆ, ಯಾರನ್ನು ಕೇಳಿ ಹೋಗುತ್ತಿದ್ದರು? ಇಷ್ಟು ಸಾಕು, ಮೂವತ್ತು ಪುಟ ತುಂಬುತ್ತದೆ. ಗೃಹಲಕ್ಷ್ಮಿಯ 2000 ರೂಪಾಯಿ ಪಡಿತರ ಚೀಟಿಯಲ್ಲಿರುವ ಮನೆ ಯಜಮಾನಿಗೆ. ಅತ್ತೆ, ಸೊಸೆ ಇಬ್ಬರಿರುವ ಮನೆಯಲ್ಲಿ ಯಜಮಾನಿ ಯಾರೆಂದು ಹೇಗೆ ತೀರ್ಮಾನವಾಯಿತು? ಚೀಟಿ ಬೇರೆ ಮಾಡಿಸಲು ಹೊರಟವರು ಯಾರು? ನಾನಾದರೆ ಇದನ್ನೇ ಆರಿಸುತ್ತಿದ್ದೆ.

ಪಂಚಾಯಿತಿಯೂ ಒಳ್ಳೆಯ ಕ್ಷೇತ್ರ. ಪಂಚಾಯಿತಿಗಳಲ್ಲಿ ಮಹಿಳಾ ಮೀಸಲನ್ನು ದೇಶಕ್ಕೆಲ್ಲ ತಂದ ಸಂವಿಧಾನದ 73ನೇ ತಿದ್ದುಪಡಿಗೆ ಮುಂಚೆಯೇ, 1987ರ ಚುನಾವಣೆಯಲ್ಲಿ, ಕರ್ನಾಟಕದಲ್ಲಿ 25 ಶೇಕಡಾ ಮಹಿಳಾ ಮೀಸಲು ಇತ್ತು. ಆಗ ಗೆದ್ದ ಸದಸ್ಯೆಯರಲ್ಲಿ ಹಲವರು ಈಗಲೂ ಊರಲ್ಲಿದ್ದಾರೆ, ಅವರ ನೆನಪನ್ನು ಬೇಗ ಬರೆದುಕೊಳ್ಳಿ.

ನಮ್ಮೂರಲ್ಲೇ ಸಂದರ್ಶನ ಮಾಡಿದ್ರೆ ಹೆಸರು ಬದಲಾಯಿಸಿದ್ರೆ ಸಾಕಾ?

ಸಾಲುವುದಿಲ್ಲ, ಇದನ್ನು ನಾನು ನೋವಿನಿಂದ ಕಲಿತೆ. ನನ್ನ ಎಂ.ಎ. ಪ್ರಬಂಧದಲ್ಲಿ ಒಬ್ಬಾಕೆಯ ಹೆಸರು ಬದಲಿಸಿದ್ದೆ, ಊರಿನ ಹೆಸರೂ ಬದಲಿಸಿದ್ದೆ. ಆದರೆ ‘ಊರಿನ ಏಕೈಕ ಹೊಲಿಗೆಯಾಕೆ’ ಎಂದು ಬರೆದುಬಿಟ್ಟಿದ್ದೆ. ಪ್ರತಿ ಯಾರದೋ ಕೈಗೆ ಸಿಕ್ಕಿ, ಗಂಡನ ಬಗ್ಗೆ ಆಕೆ ನನ್ನೊಬ್ಬಳಿಗೆ ಹೇಳಿದ ಮಾತು ಮನೆ ಮುಟ್ಟಿತು. ಆಕೆ ನನ್ನ ಮೇಲೆ ಸಿಟ್ಟಾಗಲಿಲ್ಲ. ಮುಂದಿನ ಸಲ ಹೋದಾಗ ಕಾಫಿ ಕೊಟ್ಟರು, ಮಾತು ಮಾತ್ರ ಆಡಲಿಲ್ಲ. ಹೆಸರಿನ ಜೊತೆಗೆ ಕಸುಬು, ಮಕ್ಕಳ ಸಂಖ್ಯೆ, ಮನೆಯ ದಿಕ್ಕು, ಯಾವುದು ಗುರುತು ಕೊಡಬಹುದೋ ಎಲ್ಲವನ್ನೂ ನೋಡಿ. ಅತ್ತೆಯೋ ಮೈದುನನೋ ಬಂದು ಕೂತರೆ ವಿಷಯ ಬದಲಿಸಿ, ರಾಗಿ ಬೆಲೆ ಕೇಳಿ. ರೆಕಾರ್ಡಿಂಗನ್ನು ಕುಟುಂಬದವರೆಲ್ಲ ಬಳಸುವ ಫೋನಿನಲ್ಲಿ ಇಡಬೇಡಿ. ‘ಬೇಡ’ ಎಂದವರನ್ನು ಎರಡನೇ ಸಲ ಕೇಳಬೇಡಿ.

ಹಳೇ ಕಾಲದ ಹೆಂಗಸರ ಬಗ್ಗೆ ದಾಖಲೆನೇ ಇಲ್ಲ, ಚರಿತ್ರೆಯ ಪ್ರಾಜೆಕ್ಟ್ ಹೇಗೆ ಮಾಡೋದು?

ದಾಖಲೆ ಇಲ್ಲ ಎಂಬುದೂ ಒಂದು ದಾಖಲೆ. ಅದನ್ನು ಯಾರು ತೆಗೆದರು ಎಂದು ಹುಡುಕಬಹುದು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನ ಕಥೆ ನೋಡಿ. ಹದಿನೆಂಟನೆಯ ಶತಮಾನದ ತಂಜಾವೂರು ಆಸ್ಥಾನದ ಗಣಿಕೆ ಮುದ್ದುಪಳನಿ ತೆಲುಗಿನಲ್ಲಿ ಬರೆದ ಶೃಂಗಾರ ಕಾವ್ಯದ ಅಚ್ಚಾದ ಪ್ರತಿಯಲ್ಲಿ ಕವಯಿತ್ರಿ ತನ್ನ ಅಜ್ಜಿ, ತಾಯಿಯ ಬಗ್ಗೆ ಹೇಳಿಕೊಂಡ ಪೀಠಿಕೆಯೇ ಮಾಯವಾಗಿತ್ತು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ 1910ರಲ್ಲಿ ಪೂರ್ತಿ ಕಾವ್ಯ ಅಚ್ಚು ಹಾಕಿಸಿದರು. ಅಶ್ಲೀಲವೆಂದು ಸರ್ಕಾರ ನಿಷೇಧಿಸಿತು, ಸ್ವಾತಂತ್ರ್ಯ ಬರುವ ಹೊತ್ತಿಗಷ್ಟೇ ನಿಷೇಧ ತೆರವಾಯಿತು. ಇದೇ ಬಗೆಯ ಶೃಂಗಾರ ಬರೆದ ಗಂಡಸರ ಕಾವ್ಯಗಳು ಪಠ್ಯವಾಗಿದ್ದವು.

ಶಾಸನಗಳಲ್ಲಿ ಹೆಂಗಸರಿದ್ದಾರೆ, ಲಕ್ಕುಂಡಿಯ ಅತ್ತಿಮಬ್ಬೆ ನಮಗೆ ಸಿಗುವುದು ಕಲ್ಲಿನ ಮೇಲೂ ರನ್ನನ ಕಾವ್ಯದಲ್ಲೂ. ಆದರೆ ಅಲ್ಲಿ ಸಿಗುವವರು ದಾನ ಕೊಡಲು ಆಸ್ತಿ ಇದ್ದವರು. ಉಳಿದವರನ್ನು ಬೀಸುವ ಪದ, ಕುಟ್ಟುವ ಪದ, ಸೋಬಾನೆಗಳಲ್ಲಿ ಹುಡುಕಿ.

ಇದನ್ನು ಓದಲು ಶುರು ಮಾಡಿದ ಮೇಲೆ ಮನೇಲಿ ದಿನಾ ಜಗಳ. ಏನು ಮಾಡ್ಲಿ?

ಪ್ರತಿ ವರ್ಷ ಒಬ್ಬಿಬ್ಬರಾದರೂ ಹೀಗೆ ಬರೆಯುತ್ತಾರೆ, ಪ್ರತಿ ಸಲವೂ ನನ್ನ ಎದೆ ಭಾರವಾಗುತ್ತದೆ. ಕಂಡದ್ದನ್ನು ಕಾಣದಂತೆ ಇರಲು ಆಗುವುದಿಲ್ಲ, ಅದು ನಿಮ್ಮ ತಪ್ಪಲ್ಲ. ಆದರೂ ಅಮ್ಮನಿಗೆ ಪಾಠ ಮಾಡಲು ಹೋಗಬೇಡಿ. ಆಕೆಯನ್ನು ಕೇಳಿ: ಎಷ್ಟನೇ ತರಗತಿಗೆ ಶಾಲೆ ಬಿಡಿಸಿದರು, ಮದುವೆಯ ದಿನ ಏನನ್ನಿಸಿತು, ಮೊದಲ ಸಲ ಸ್ವಂತ ದುಡ್ಡು ಕೈಗೆ ಬಂದದ್ದು ಯಾವಾಗ. ಜಗಳ ನಿಲ್ಲುತ್ತದೆ ಎಂದು ಮಾತು ಕೊಡಲಾರೆ. ಓದು ನಿಲ್ಲಿಸುವ, ಮದುವೆಗೆ ಒತ್ತಾಯಿಸುವ, ಕೈಮಾಡುವ ಮಟ್ಟಕ್ಕೆ ಹೋದರೆ ಅದು ಪಾಠದ ವಿಷಯವಲ್ಲ. 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ, ನಂಬುವ ಅಧ್ಯಾಪಕರಿಗೆ ಹೇಳಿ.

ಓದಿದ ಮೇಲೆ ಕೆಲಸ ಸಿಗುತ್ತಾ?

ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೂ ಈ ವಿಷಯದ ವಿಭಾಗಗಳಿವೆ. ಕಾಲೇಜು ಅಧ್ಯಾಪಕರಾಗಲು ಬೇಕಾದ ರಾಷ್ಟ್ರೀಯ ಅರ್ಹತಾ ಪರೀಕ್ಷೆ (ಎನ್‌ಇಟಿ) ಬರೆಯಬಹುದು. ಬೋಧನೆಯ ಹುದ್ದೆ ಕಡಿಮೆ, ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಉಳಿದವರು ನನ್ನ ಗೆಳತಿಯರಲ್ಲೇ ಇದ್ದಾರೆ. ಸ್ವಯಂಸೇವಾ ಸಂಸ್ಥೆ, ಸಮೀಕ್ಷೆ, ಆಪ್ತಸಮಾಲೋಚನೆ, ಪತ್ರಿಕೋದ್ಯಮ, ಕಾನೂನಿನ ಕಡೆ ಹೋದವರು ಹೆಚ್ಚು. ಕಾನೂನು ಅಥವಾ ಸಂಖ್ಯಾಶಾಸ್ತ್ರವನ್ನು ಜೊತೆಗೆ ಕಲಿತವರಿಗೆ ದಾರಿ ಸಲೀಸು.

ಸಿದ್ಧಾಂತ ಎಲ್ಲಾ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಬರೆದ್ರೆ ಕೀಳಾಗಿ ನೋಡಲ್ವಾ?

ಇಂಗ್ಲಿಷ್ ಓದುವುದನ್ನು ಬಿಡಬೇಡಿ, ದಿನಕ್ಕೆ ನಾಲ್ಕು ಪುಟವಾದರೂ ಸರಿ. ಕನ್ನಡದಲ್ಲಿ ವಿಜಯಾ ದಬ್ಬೆ, ಎಚ್.ಎಸ್. ಶ್ರೀಮತಿ, ಬಿ.ಎನ್. ಸುಮಿತ್ರಾಬಾಯಿ ಅವರ ವಿಮರ್ಶೆ, ಅನುವಾದಗಳಿಂದ ಶುರುಮಾಡಿ. ಕಥೆಗಳನ್ನೂ ಸಿದ್ಧಾಂತವೆಂದೇ ಓದಿ. ಸಾರಾ ಅಬೂಬಕ್ಕರ್, ವೈದೇಹಿ, ಗೀತಾ ನಾಗಭೂಷಣ ಅವರನ್ನು ಅರಗಿಸಿಕೊಂಡವರಿಗೆ ಸಿದ್ಧಾಂತದ ಅರ್ಧ ದಾರಿ ಮುಗಿದಿರುತ್ತದೆ. ಹಾಸನದ ಬಾನು ಮುಷ್ತಾಕ್ ಕನ್ನಡದಲ್ಲಿ ಬರೆದ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬುಕರ್ ಪಡೆದವು.

ಕನ್ನಡದಲ್ಲಿ ಬರೆಯಿರಿ ಎನ್ನುವುದಕ್ಕೆ ನನಗೆ ಬೇರೆಯದೇ ಕಾರಣವಿದೆ. ನಮ್ಮ ಕಡೆ ಹೊಲಕ್ಕೆ ಹೊರಟವಳು ‘ಬದುಕು ಮಾಡೋಕೆ ಹೋಗ್ತೀನಿ’ ಎನ್ನುತ್ತಾಳೆ. ದುಡಿಮೆ, ಜೀವನ ಎರಡಕ್ಕೂ ಅವಳ ಬಾಯಲ್ಲಿ ಒಂದೇ ಮಾತು. ‘ತವರು’, ‘ಬಾಣಂತನ’, ‘ಮಡಿಲು ತುಂಬುವುದು’ ಇವೆಲ್ಲ ಪರಿಕಲ್ಪನೆಗಳು. ಇಂಗ್ಲಿಷಿಗೆ ಹಾಕಿದರೆ ಬಣ್ಣ ಬಿಡುತ್ತವೆ. ಕಳೆದ ತಂಡದ ಒಬ್ಬ ಹುಡುಗಿ ಬಾಣಂತನವನ್ನೇ ಪ್ರಾಜೆಕ್ಟ್ ಮಾಡಿದಳು. ಅಕ್ಕನ ಹೆರಿಗೆಯಾದ ಮೇಲೆ ಮೂರು ತಿಂಗಳು ತನ್ನ ಅಮ್ಮ ಮಾಡಿದ್ದನ್ನು ಗಡಿಯಾರ ನೋಡಿ ಬರೆದಿಟ್ಟಳು. ಬೆಳಗಿನ ಜಾವ ನಾಲ್ಕೂವರೆಗೆ ಹಂಡೆ ಒಲೆಗೆ ಬೆಂಕಿ, ಎಣ್ಣೆ ನೀರು, ಲೋಬಾನದ ಹೊಗೆ, ಬೆಳ್ಳುಳ್ಳಿ ಹುರಿದ ಅನ್ನ, ಬಟ್ಟೆಯ ರಾಶಿ, ರಾತ್ರಿ ಮಗು ಅತ್ತಾಗ ಮತ್ತೆ. ಆ ಮೂರು ತಿಂಗಳು ಅಮ್ಮ ಕೂಲಿಗೆ ಹೋಗಿರಲಿಲ್ಲ. ಹೋದ ಕೂಲಿಯನ್ನು ಕೊನೆಯ ಪುಟದಲ್ಲಿ ಕೂಡಿಸಿದ್ದಳು. ಆ ಪುಟವನ್ನು ಅಮ್ಮನಿಗೆ ಓದಿ ಹೇಳಿದಾಗ ಅಮ್ಮ ಕೇಳಿದರಂತೆ, “ಇದನ್ನೂ ಲೆಕ್ಕ ಹಾಕ್ತಾರಾ?”